ಯಂತ್ರವನ್ನು ಮಾರುವುದೇ, ಅದರ ದುಡಿಮೆಯನ್ನೇ?

ಪ್ರಶ್ನೆ: ನಾವು ಪೀಣ್ಯದಲ್ಲಿ ಏರ್ ಕಂಪ್ರೆಸರ್ ತಯಾರಿಸುವ ಸಣ್ಣ ಘಟಕವನ್ನು ನಡೆಸುತ್ತಿದ್ದೇವೆ. ಯಂತ್ರವನ್ನು ಮಾರದೆ ಗ್ರಾಹಕರ ಕಾರ್ಖಾನೆಯಲ್ಲಿರಿಸಿ, ಅದು ಓಡಿದ ಗಂಟೆಗಳಿಗಷ್ಟೇ ಹಣ ಪಡೆಯೋಣವೆಂದು ಮಗ ಹೇಳುತ್ತಾನೆ. ಲಾಕ್‌ಡೌನ್‌ನಂತಹ ಕಾಲ ಮತ್ತೆ ಬಂದರೆ ಈ ಪದ್ಧತಿಯಲ್ಲಿ ನಾವು ಉಳಿದೇವೆಯೇ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ವಿಮಾನದ ಎಂಜಿನ್ ತಯಾರಿಸುವ ಬ್ರಿಟನ್ನಿನ ರೋಲ್ಸ್-ರಾಯ್ಸ್ ಕಂಪನಿ ಇದೇ ಪ್ರಶ್ನೆಯನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಎದುರಿಸಿದೆ. ಹಾರಿದ ಗಂಟೆಗಳ ಲೆಕ್ಕದಲ್ಲಿ ಎಂಜಿನ್ನಿನ ಆರೈಕೆಗೆ ಹಣ ಪಡೆಯುವ ಕ್ರಮವನ್ನು 1962ರಲ್ಲಿ ಬ್ರಿಸ್ಟಲ್ ಸಿಡ್ಲಿ ಎಂಬ ಕಂಪನಿ ವೈಪರ್ ಎಂಜಿನ್ನಿಗಾಗಿ ಆರಂಭಿಸಿತು; 1966ರಲ್ಲಿ ಆ ಕಂಪನಿಯೇ ರೋಲ್ಸ್-ರಾಯ್ಸ್‌ನ ವಶಕ್ಕೆ ಬಂದಿತು. ಎಂಜಿನ್ ಕೆಟ್ಟು ನಿಂತರೆ ತಯಾರಕನಿಗೂ ನಷ್ಟವಾಗುವ ಕಾರಣ, ಅದನ್ನು ಕೆಡದಂತೆ ಕಾಯುವುದು ಇಬ್ಬರ ಹಿತವೂ ಆಯಿತು. ನಿಮ್ಮ ಮಗನ ಆಲೋಚನೆಯ ಬಲವಿರುವುದು ಇಲ್ಲಿಯೇ, ಅದನ್ನು ತಳ್ಳಿಹಾಕಬೇಡಿ.

ಆದರೆ 2020ರಲ್ಲಿ ವಿಮಾನಯಾನವೇ ಸ್ತಬ್ಧವಾದಾಗ, ಆ ಕಂಪನಿಯ ದೊಡ್ಡ ಎಂಜಿನ್ನುಗಳು ಹಾರಿದ ಗಂಟೆಗಳು 2019ರ ಶೇ. 43ರಷ್ಟಕ್ಕೆ ಕುಸಿದವು. ಹಾರಾಟವಿಲ್ಲದೆ ಆದಾಯ ಬತ್ತಿದರೂ ಕಾರ್ಖಾನೆ, ಸಾಲ ಮತ್ತು ಸಂಬಳದ ವೆಚ್ಚಗಳು ಹಾಗೆಯೇ ಉಳಿದವು. ಸುಮಾರು 9,000 ಉದ್ಯೋಗಗಳನ್ನು ಕಡಿತಗೊಳಿಸುವುದಾಗಿ ಕಂಪನಿ ಪ್ರಕಟಿಸಬೇಕಾಯಿತು, ಷೇರುದಾರರಿಂದ 200 ಕೋಟಿ ಪೌಂಡ್ ಎತ್ತಬೇಕಾಯಿತು, ಸ್ಪೇನಿನ ಐಟಿಪಿ ಏರೋ ಘಟಕವನ್ನು ಮಾರಬೇಕಾಯಿತು. ಆ ವರ್ಷ ಆಸರೆಯಾಗಿ ನಿಂತದ್ದು, ನಾಗರಿಕ ವಿಮಾನಗಳ ಹಾರಾಟವನ್ನು ನೆಚ್ಚಿರದ ರಕ್ಷಣಾ ವಿಭಾಗ.

ಯಂತ್ರ ಮಾರಿದಾಗ ಗ್ರಾಹಕನ ವ್ಯಾಪಾರದ ಏರಿಳಿತ ಅವನದೇ. ಗಂಟೆಯ ಲೆಕ್ಕಕ್ಕಿಳಿದರೆ ಅದು ನಿಮ್ಮ ಮನೆಗೂ ಬರುತ್ತದೆ. ಮೇಲಾಗಿ ಮಾರಾಟದಲ್ಲಿ ಒಮ್ಮೆಲೇ ಕೈಸೇರುತ್ತಿದ್ದ ಬಂಡವಾಳ ವರ್ಷಗಟ್ಟಲೆ ಪರರ ಕಾರ್ಖಾನೆಯಲ್ಲಿ ಕುಳಿತಿರುತ್ತದೆ, ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳೂ ತಪ್ಪದು. ಆದ್ದರಿಂದ ಯಂತ್ರ ಓಡಲಿ ಬಿಡಲಿ, ಕನಿಷ್ಠ ಆ ಕಂತು ಮತ್ತು ಮೆಕ್ಯಾನಿಕ್‌ಗಳ ಸಂಬಳವನ್ನು ಭರಿಸುವಷ್ಟು ಮಾಸಿಕ ಶುಲ್ಕವನ್ನು ಕರಾರಿನಲ್ಲಿ ಬರೆಸಿ, ಅದರ ಮೇಲೆ ಗಂಟೆಯ ದರವನ್ನು ಸೇರಿಸಿ. ಈ ಶುಲ್ಕಕ್ಕೆ ಒಪ್ಪದ ಗ್ರಾಹಕನಿಗೆ ಯಂತ್ರವನ್ನು ಮಾರುವುದೇ ಲೇಸೆಂದು ನಾನು ದೃಢವಾಗಿ ನಂಬಿದ್ದೇನೆ. ಗ್ರಾಹಕರೆಲ್ಲರೂ ವಾಹನಗಳ ಬಿಡಿಭಾಗ ತಯಾರಿಸುವವರೇ ಆಗಿರದಂತೆಯೂ ನೋಡಿಕೊಳ್ಳಿ. ಲಾಕ್‌ಡೌನ್‌ನಲ್ಲಿ ಅಂತಹ ಕಾರ್ಖಾನೆಗಳು ಮುಚ್ಚಿದ್ದಾಗಲೂ ಔಷಧ ಮತ್ತು ಆಹಾರ ತಯಾರಿಕೆಗೆ ಅನುಮತಿಯಿತ್ತು. ಮೊದಲ ವರ್ಷ ಹಳೆಯ ಗ್ರಾಹಕರ ಪೈಕಿ ಇಬ್ಬರು ಮೂವರಲ್ಲಿ ಮಾತ್ರ ಇದನ್ನು ನಡೆಸಿ, ಪ್ರತಿ ಯಂತ್ರದ ಓಟ, ರಿಪೇರಿ ಮತ್ತು ಬಿಡಿಭಾಗದ ಖರ್ಚನ್ನು ಮಗನ ಕೈಯಲ್ಲಿಯೇ ಬರೆಸಿಡಿ. ಗಂಟೆಗೆ ಎಷ್ಟು ಕೇಳಬೇಕೆಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ.