ಸಣ್ಣ ಊರಿನ ಅಗ್ನಿಶಾಮಕ ಠಾಣೆ ಜನರಿಗೆ ಮಾಹಿತಿ ಮುಟ್ಟಿಸಲು ವಾಟ್ಸ್‌ಆ್ಯಪ್ ಗುಂಪು ಒಳ್ಳೆಯದೇ, ಕರಪತ್ರ ಒಳ್ಳೆಯದೇ?

ಹೊಸದಾಗಿ ತಾಲ್ಲೂಕು ಠಾಣೆಯ ಹೊಣೆ ಹೊತ್ತಿರುವ ನೀವು ಕೇಳಿರುವ ಇಂಥದೇ ಪ್ರಶ್ನೆಯನ್ನು, ವಾಟ್ಸ್‌ಆ್ಯಪ್ ಇನ್ನೂ ನಮ್ಮ ಹಳ್ಳಿಗಳಿಗೆ ಬಾರದಿದ್ದ ಕಾಲದಲ್ಲಿ ನಾನೂ ಕೇಳಿಕೊಂಡಿದ್ದೆ. ಹಳೆ ಮೈಸೂರು ಸೀಮೆಯ ಒಂದು ತಾಲ್ಲೂಕಿನಲ್ಲಿ ಠಾಣಾಧಿಕಾರಿಯಾಗಿದ್ದೆ. ರಾಗಿ, ಭತ್ತ, ಕಬ್ಬು, ತೆಂಗು ಬೆಳೆಯುವ ಊರುಗಳು, ಇಡೀ ತಾಲ್ಲೂಕಿಗೆ ಒಂದೇ ಜಲವಾಹನ. ಜನರಿಗೆ ತಿಳಿವಳಿಕೆ ಕೊಟ್ಟರೆ ಅರ್ಧ ಬೆಂಕಿ ಆರಿದಂತೆಯೇ ಎಂದು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಆಗ ತಿಳಿವಳಿಕೆಯೆಂದರೆ ಠಾಣೆಯಿಂದ ಊರಿಗೆ ಹರಿದುಹೋಗುವುದು ಮಾತ್ರ ಎಂದುಕೊಂಡಿದ್ದೆ, ಅದರ ಬೆಲೆಯನ್ನು ತೆತ್ತವರು ಒಂದು ರೈತ ಕುಟುಂಬದವರು.

ಏಪ್ರಿಲ್ 14ರಿಂದ 20ರವರೆಗೆ ನಡೆಯುವ ಅಗ್ನಿಶಾಮಕ ಸೇವಾ ಸಪ್ತಾಹದ ಹಿನ್ನೆಲೆ ನಿಮಗೆ ಗೊತ್ತೇ ಇದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ, ಹತ್ತಿಯನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೇರಿಕೊಂಡಿದ್ದ ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕರು ಪ್ರಾಣ ಬಿಟ್ಟರು. ಅವರಿಗೆ ಗೌರವ ಸಲ್ಲಿಸುವುದು ನಮ್ಮ ಕರ್ತವ್ಯ. ಆದರೆ ನಮ್ಮ ಕಡೆ ಆ ವಾರ ಬರುವಷ್ಟರಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಿರುತ್ತದೆ, ಒಕ್ಕಣೆ ಮುಗಿದು ಹುಲ್ಲು ಮೆದೆಯಾಗಿ ತಿಂಗಳುಗಳೇ ಕಳೆದಿರುತ್ತವೆ, ಮೆದೆಗೆ ಬೆಂಕಿ ಬೀಳುವ ಕಾಲ ಬಹುಪಾಲು ಆಗಿಹೋಗಿರುತ್ತದೆ. ಇದನ್ನರಿತು ನಾನು ಫೆಬ್ರವರಿಯಲ್ಲೇ ಪ್ರೌಢಶಾಲೆಗಳಿಗೆ ಹೋಗುತ್ತಿದ್ದೆ. ಕತ್ತರಿಸಿದ ಡ್ರಮ್ಮಿನಲ್ಲಿ ಎಣ್ಣೆ ಹಚ್ಚಿ ಆರಿಸುವುದು, ಉರಿಯುವ ಸಿಲಿಂಡರಿನ ಮೇಲೆ ಒದ್ದೆ ಗೋಣಿಚೀಲ ಹೊದಿಸುವುದು, ಕೊನೆಗೆ ಎಲ್ಲ ಮಕ್ಕಳಿಂದಲೂ ಅಗ್ನಿಶಾಮಕ ಕರೆಯ ಸಂಖ್ಯೆ '101' ಎಂದು ಹೇಳಿಸುವುದು, ಹೀಗೆ ಕಾರ್ಯಕ್ರಮ ಸೊಗಸಾಗಿ ನಡೆಯುತ್ತಿತ್ತು, ಮೇಲಧಿಕಾರಿಗಳ ಮೆಚ್ಚುಗೆಯೂ ಸಿಗುತ್ತಿತ್ತು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ, ಬಿಸಿಲು ಏರಿದ್ದ ಒಂದು ಮಧ್ಯಾಹ್ನ ಠಾಣೆಗೆ ಕರೆ ಬಂತು. 'ಹೊಸಹಳ್ಳೀಲಿ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಿದೆ, ಬೇಗ ಬನ್ನಿ ಸಾರ್' ಎಂದಷ್ಟೇ ಹೇಳಿ ಒಬ್ಬ ಹುಡುಗ ಕರೆ ಕಡಿದ. ಹೊಸಹಳ್ಳಿಯೆಂದರೆ ನಮ್ಮ ಸಿಬ್ಬಂದಿಗೆಲ್ಲ ಗೊತ್ತಿದ್ದದ್ದು ಹೆದ್ದಾರಿಯ ಪಕ್ಕದ ದೊಡ್ಡ ಊರು. ವಾಹನ ತಡಮಾಡದೆ ಅಲ್ಲಿಗೆ ಹೊರಟಿತು, ಊರು ಮುಟ್ಟಿತು, ಅಲ್ಲಿ ಹೊಗೆಯೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಬೆಂಕಿ ಬಿದ್ದಿದ್ದು ತಾಲ್ಲೂಕಿನ ಇನ್ನೊಂದು ತುದಿಯ ಹೋಬಳಿಯಲ್ಲಿದ್ದ ಮತ್ತೊಂದು ಹೊಸಹಳ್ಳಿಯಲ್ಲಿ; ಕಂದಾಯ ದಾಖಲೆಯಲ್ಲಿ ಅದರ ಹೆಸರಿನ ಹಿಂದೆ ಬೇರೊಂದು ಪದವಿದ್ದರೂ ಊರಿನವರು ಅದನ್ನು ಬಾಯಲ್ಲಿ ಎಂದೂ ಬಳಸುತ್ತಿರಲಿಲ್ಲ. ಠಾಣೆಯವರು ಹುಡುಗನ ನಂಬರಿಗೆ ಮತ್ತೆ ಮತ್ತೆ ಕರೆ ಮಾಡಿದರು, ಆದರೆ ಅವನು ನೆಂಟರಿಷ್ಟರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದುದರಿಂದ ಆ ಫೋನು ಸಿಗಲೇ ಇಲ್ಲ. ನಾವು ಸರಿಯಾದ ಊರು ತಲುಪುವಷ್ಟರಲ್ಲಿ ಮೆದೆ ಪೂರ್ತಿ ಕೆಂಡವಾಗಿತ್ತು, ಅದಕ್ಕೆ ಒತ್ತಿಕೊಂಡಂತಿದ್ದ ಕೊಟ್ಟಿಗೆ ಕುಸಿದಿತ್ತು, ಒಳಗೆ ಕಟ್ಟಿಹಾಕಿದ್ದ ಎರಡು ಹಸುಗಳು ಸತ್ತಿದ್ದವು. ಕರೆ ಮಾಡಿದ ಹುಡುಗ ಆ ಮನೆಯವನೇ. ಕೆಲವೇ ವಾರಗಳ ಹಿಂದೆ ಅವನ ಶಾಲೆಯಲ್ಲಿ ನಾನು ಪ್ರಾತ್ಯಕ್ಷಿಕೆ ನಡೆಸಿದ್ದೆ, ಅವನು ಮೊದಲ ಸಾಲಿನಲ್ಲಿ ನಿಂತು ನೋಡಿದ್ದನಂತೆ.

ಇಲ್ಲಿ ತಪ್ಪು ಎಲ್ಲಿತ್ತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಆಗ ಎಲ್ಲರೂ ಅದನ್ನು ಬೇರೆ ಕಡೆ ಹುಡುಕಿದರು. ಹುಡುಗ ಸರಿಯಾಗಿ ವಿಳಾಸ ಹೇಳಲಿಲ್ಲ ಎಂದು ನಮ್ಮ ಸಿಬ್ಬಂದಿ ಹೇಳಿದರು. ಕರೆ ತೆಗೆದುಕೊಂಡವನು ಎರಡನೆಯ ಪ್ರಶ್ನೆ ಕೇಳಲಿಲ್ಲ ಎಂದು ಊರಿನವರು ಹೇಳಿದರು. ಆದರೆ ತಪ್ಪು ಇದ್ದದ್ದು ನನ್ನಲ್ಲಿ. ಹುಡುಗನಿಗೆ ನಾನು ಕಲಿಸಿದ್ದು 101 ಎಂಬ ಸಂಖ್ಯೆಯನ್ನು ಮಾತ್ರ. ಕರೆ ಮಾಡಿದ ಮೇಲೆ ಹೋಬಳಿ ಹೇಳಬೇಕು, ಪಕ್ಕದ ದೊಡ್ಡ ಊರಿನ ಹೆಸರು ಹೇಳಬೇಕು, ಠಾಣೆಯವರು 'ಇಡಿ' ಎನ್ನುವವರೆಗೆ ಫೋನು ಇಡಬಾರದು, ಆಮೇಲೆ ಅದೇ ಫೋನನ್ನು ಬೇರೆ ಯಾರಿಗೂ ಮಾಡದೆ ಖಾಲಿ ಇಟ್ಟುಕೊಳ್ಳಬೇಕು ಎಂಬುದನ್ನು ನಾನು ಯಾವ ಶಾಲೆಯಲ್ಲೂ ಹೇಳಿರಲಿಲ್ಲ. ಅವನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದ. ಇನ್ನು ಕರೆ ತೆಗೆದುಕೊಂಡ ಸಿಬ್ಬಂದಿ ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವನು. ತಾಲ್ಲೂಕಿನಲ್ಲಿ ಒಂದೇ ಹೆಸರಿನ ಊರುಗಳು ಯಾವುವು ಎಂಬ ಪಟ್ಟಿಯನ್ನು ಅವನ ಮೇಜಿನ ಮೇಲೆ ಇಡಬೇಕಾಗಿದ್ದವನು ಠಾಣಾಧಿಕಾರಿಯಾದ ನಾನು. ಅಂಥ ಪಟ್ಟಿಯೇ ಠಾಣೆಯಲ್ಲಿರಲಿಲ್ಲ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದಿದೆ. ಊರಿನವರೆಲ್ಲ ಸೇರಿ ಬಿಂದಿಗೆಗಳಲ್ಲಿ ನೀರು ಹೊತ್ತು ಉರಿಯುವ ಮೆದೆಗೇ ಸುರಿದಿದ್ದರು. ಒತ್ತಾಗಿ ಒಟ್ಟಿದ ಹುಲ್ಲಿನೊಳಗೆ ಮೇಲಿಂದ ಸುರಿದ ನೀರು ಇಳಿಯುವುದಿಲ್ಲ. ನಾವು ಹೋದರೂ ಮೆದೆಯನ್ನು ಕೊಕ್ಕೆಯಿಂದಲೋ ಜೆಸಿಬಿಯಿಂದಲೋ ಕೆದಕಿ ಹರಡಿ ಆರಿಸಬೇಕಾಗುತ್ತದೆ. ಹೊತ್ತಿಕೊಂಡ ಮೆದೆಯ ಆಸೆ ಬಿಟ್ಟು ಮೊದಲು ದನಗಳ ಹಗ್ಗ ಕೊಯ್ಯಿರಿ, ಆಮೇಲೆ ಆ ನೀರನ್ನೆಲ್ಲ ಕೊಟ್ಟಿಗೆಯ ಸೂರಿಗೂ ಪಕ್ಕದ ಮನೆಗೂ ಹಾಕಿ ನೆನೆಸಿರಿ ಎಂದು ಒಬ್ಬರಾದರೂ ಮೊದಲೇ ಹೇಳಿದ್ದರೆ, ನಾವು ತಡವಾಗಿ ಹೋಗಿದ್ದರೂ ಆ ಹಸುಗಳು ಉಳಿಯುತ್ತಿದ್ದವು. ನಾನು ಶಾಲೆಗಳಲ್ಲಿ ಎಣ್ಣೆಯ ಬೆಂಕಿ ಆರಿಸಿ ತೋರಿಸುತ್ತಿದ್ದೆ, ಆದರೆ ಆ ಊರಿನಲ್ಲಿ ವರ್ಷವೂ ಬೀಳುತ್ತಿದ್ದದ್ದು ಹುಲ್ಲಿನ ಬೆಂಕಿ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಮಾಹಿತಿಯನ್ನು ಜನರಿಗೆ ಯಾವ ದಾರಿಯಲ್ಲಿ ಮುಟ್ಟಿಸಬೇಕು ಎಂದು ಕೇಳುವ ಮೊದಲು, ಜನರಲ್ಲಿರುವ ಮಾಹಿತಿ ನಿಮ್ಮ ಠಾಣೆಗೆ ಬಂದಿದೆಯೇ ಎಂದು ನೋಡಿಕೊಳ್ಳಿ. ಆ ಘಟನೆಯ ನಂತರ ನಾನು ತಾಲ್ಲೂಕಿನ ಊರುಗಳ ಪುಸ್ತಕವೊಂದನ್ನು ಬರೆಸಲು ತೊಡಗಿದೆ. ಅದಕ್ಕೆ ನೆರವಾದವರು ತಾಲ್ಲೂಕು ಕಚೇರಿಯವರಿಗಿಂತ ಹೆಚ್ಚಾಗಿ ಅಂಚೆಯವರು, ಲೈನ್‌ಮನ್‌ಗಳು ಮತ್ತು ಹಾಲಿನ ಲಾರಿಯ ಚಾಲಕರು. ದಾಖಲೆಯ ಹೆಸರು, ಬಾಯಿಮಾತಿನ ಹೆಸರು, ಹೋಬಳಿ, ಹೋಗುವ ದಾರಿ, ತೂಕ ತಡೆಯದ ಮೋರಿ, ತಗ್ಗಿದ ವಿದ್ಯುತ್ ತಂತಿ, ನೀರು ಸಿಗುವ ಜಾಗ, ಇಷ್ಟನ್ನು ಪ್ರತಿ ಊರಿಗೂ ಬರೆದೆವು. ಯಾವ ಬೀದಿಯಲ್ಲಿ ಹಾಲಿನ ಲಾರಿ ತಿರುಗುತ್ತದೆಯೋ ಅಲ್ಲಿ ನಮ್ಮ ವಾಹನವೂ ತಿರುಗುತ್ತದೆ, ಅದಕ್ಕಿಂತ ನಂಬಬಹುದಾದ ಅಳತೆ ನನಗೆ ಬೇರೆ ಸಿಗಲಿಲ್ಲ.

ನೀರಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 4,500 ಲೀಟರಿನ ಟ್ಯಾಂಕು ಜನರ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆದರೆ ನಿಮಿಷಕ್ಕೆ 450 ಲೀಟರಿನಂತೆ ಒಂದೇ ಹೋಸಿನಲ್ಲಿ ಬಿಟ್ಟರೂ ಅದು ಹತ್ತು ನಿಮಿಷಕ್ಕೆ ಬರಿದಾಗುತ್ತದೆ. ಮತ್ತೆ ತುಂಬಿಸಿಕೊಳ್ಳಲು ಹೊಲದ ಕೊಳವೆಬಾವಿಯನ್ನು ನಂಬಿದರೆ, ಆ ಹೊತ್ತಿಗೆ ತ್ರೀಫೇಸ್ ಕರೆಂಟು ಇರಬೇಕು. ಇಲ್ಲದಿದ್ದರೆ ನೀರಿನ ಪಕ್ಕದಲ್ಲೇ ನಿಂತು ಕೈಕಟ್ಟಿಕೊಳ್ಳಬೇಕು. ಯಾವ ಫೀಡರಿಗೆ ಯಾವ ಹೊತ್ತಿನಲ್ಲಿ ತ್ರೀಫೇಸ್ ಕೊಡುತ್ತಾರೆ ಎಂಬುದು ಆ ಭಾಗದ ಲೈನ್‌ಮನ್‌ಗೆ ಗೊತ್ತು, ಓವರ್‌ಹೆಡ್ ಟ್ಯಾಂಕಿನಲ್ಲಿ ಈಗ ನೀರಿದೆಯೇ ಎಂಬುದು ಪಂಚಾಯಿತಿಯ ನೀರಗಂಟಿಗೆ ಗೊತ್ತು. ಇವರಿಬ್ಬರ ಫೋನ್ ನಂಬರುಗಳು ನಿಮ್ಮ ಪುಸ್ತಕದಲ್ಲಿರಲಿ, ಬದಲಾದಾಗಲೆಲ್ಲ ತಿದ್ದಿಸಿರಿ.

ಇದಾದ ಮೇಲೆ ಹೇಳುವ ಮಾತು. ಹೇಳುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಹಾಲಿನ ಡೈರಿಗಿಂತ ಒಳ್ಳೆಯ ಜಾಗ ಇಲ್ಲ. ಬೆಳಿಗ್ಗೆ ಮತ್ತು ಸಂಜೆ, ಎರಡು ಹೊತ್ತೂ, ಹುಲ್ಲು ಮತ್ತು ದನ ಇರುವ ಮನೆಯವರೇ ಅಲ್ಲಿ ಸಾಲಾಗಿ ನಿಂತಿರುತ್ತಾರೆ, ಅವರಲ್ಲಿ ಹೆಂಗಸರೂ ಇರುತ್ತಾರೆ. ಡೈರಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿರಿ: ಈ ಊರಿನ ಪೂರ್ತಿ ಹೆಸರು, ಹೋಬಳಿ, ತಾಲ್ಲೂಕು, ಜಿಲ್ಲೆ, ಅದರ ಕೆಳಗೆ 101 ಮತ್ತು ಎಲ್ಲ ತುರ್ತಿಗೂ ಒಂದೇ ಸಂಖ್ಯೆಯಾದ 112. ಜಿಲ್ಲೆಯ ಹೆಸರು ಏಕೆಂದರೆ 112ಕ್ಕೆ ಮಾಡಿದ ಕರೆಯನ್ನು ತೆಗೆದುಕೊಳ್ಳುವವರು ನಿಮ್ಮ ಊರಿನ ಕಡೆಯವರಾಗಿರುವುದಿಲ್ಲ. ಗಾಬರಿಯಲ್ಲಿರುವವನಿಗೆ ನೆನಪಿಸಿಕೊಳ್ಳುವ ಕೆಲಸ ಕೊಡಬಾರದು, ಓದಿ ಹೇಳುವ ಕೆಲಸ ಕೊಡಬೇಕು. ಬೆಂಕಿ ಆರಿಸಲು ಬಂದದ್ದಕ್ಕೆ ಠಾಣೆಯವರು ಹಣ ಕೇಳುವುದಿಲ್ಲ ಎಂಬ ಒಂದು ಸಾಲನ್ನೂ ಬರೆಸಿರಿ. ಬಿಲ್ಲು ಬರುತ್ತದೆಂದು ಹೆದರಿ ಕರೆ ಮಾಡದೆ ಉಳಿದವರನ್ನು ನಾನು ಕಂಡಿದ್ದೇನೆ.

ಏನು ಹೇಳಬೇಕೆಂಬುದನ್ನು ಕಾಲ ನಿರ್ಧರಿಸಲಿ. ಒಕ್ಕಣೆಯ ಸಮಯದಲ್ಲಿ ಮೆದೆಯನ್ನು ಮನೆ ಮತ್ತು ಕೊಟ್ಟಿಗೆಯಿಂದ ದೂರ, ವಿದ್ಯುತ್ ತಂತಿಯ ಕೆಳಗಲ್ಲದ ಜಾಗದಲ್ಲಿ ಒಟ್ಟಲು ಹೇಳಿ. ಒಂದೇ ದೊಡ್ಡ ಮೆದೆಗಿಂತ ಅಂತರ ಬಿಟ್ಟು ಒಟ್ಟಿದ ಎರಡು ಸಣ್ಣ ಮೆದೆ ಲೇಸು. ಕಬ್ಬು ಕಡಿಯುವ ಸಮಯದಲ್ಲಿ ತರಗಿಗೆ ಬೆಂಕಿ ಇಡುವವರಿಗೆ ಗಾಳಿಯ ದಿಕ್ಕನ್ನೂ ಪಕ್ಕದ ಹೊಲದವನಿಗೆ ತಿಳಿಸಬೇಕಾದ ಹೊಣೆಯನ್ನೂ ಹೇಳಿ, ತರಗನ್ನು ಸುಡದೆ ಮಣ್ಣಿಗೆ ಹೊದಿಕೆಯಾಗಿ ಬಿಡುವುದೇ ಒಳ್ಳೆಯದೆಂದು ಒತ್ತಿ ಹೇಳಿ. ಮದುವೆಯ ಕಾಲದಲ್ಲಿ ಛತ್ರಗಳ ಅಡುಗೆಮನೆಗೆ ಹೋಗಿ ಅಡುಗೆಯವರ ಜೊತೆಗೇ ಮಾತನಾಡಿ. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದರಿಂದ ಸೋರಿದ ಮೇಲೆ ನೆಲದ ಮಟ್ಟದಲ್ಲೇ ತಂಗಿರುತ್ತದೆ; ವಾಸನೆ ಬಂದಾಗ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು, ಹೊಗೆ ಹೊರದೂಡುವ ಫ್ಯಾನನ್ನಂತೂ ಮುಟ್ಟಲೇಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ, ಹೊರಗೆ ಹೋದ ಮೇಲೆಯೇ ಫೋನು ತೆಗೆದು ಅನಿಲ ಸೋರಿಕೆಯ ಸಹಾಯವಾಣಿ 1906ಕ್ಕೋ ನಿಮಗೋ ಕರೆ ಮಾಡಬೇಕು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕದೆ ತಟ್ಟೆ ಮುಚ್ಚಬೇಕು. ಪೇಟೆಯ ಬೀದಿಯ ವಾಣಿಜ್ಯ ಸಂಕೀರ್ಣಗಳ ವಿಷಯ ಬೇರೆ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತರು. ಮೇಲಿನ ಮಹಡಿಗಳಲ್ಲಿದ್ದವರನ್ನು ಕಂಗೆಡಿಸಿದ್ದು ದಟ್ಟವಾಗಿ ತುಂಬಿದ ಹೊಗೆ, ಅದನ್ನು ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು. ನಿಮ್ಮ ಊರಿನ ಸಂಕೀರ್ಣದ ಮೆಟ್ಟಿಲ ಬಳಿ ಸಾಮಾನು ಪೇರಿಸಿದ್ದರೆ, ಹಿಂಬಾಗಿಲಿಗೆ ಬೀಗವಿದ್ದರೆ, ಅದನ್ನು ಮಾಲೀಕನಿಗೆ ಬರೆದು ತಿಳಿಸಿ, ಅಲ್ಲಿ ಕೆಲಸ ಮಾಡುವವರಿಗೂ ತಿಳಿಸಿ.

ವಾಟ್ಸ್‌ಆ್ಯಪ್ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಎಲ್ಲರೂ ಬರೆಯಬಹುದಾದ ಗುಂಪು ಬೇಡವೇ ಬೇಡ. ಅಂಥ ಗುಂಪಿದ್ದರೆ ಜನ 101ಕ್ಕೆ ಕರೆ ಮಾಡುವ ಬದಲು ಬೆಂಕಿಯ ಫೋಟೊವನ್ನು ಗುಂಪಿಗೆ ಹಾಕಿ ಠಾಣೆಗೆ ತಿಳಿಸಿದೆವು ಎಂದುಕೊಳ್ಳುತ್ತಾರೆ. ನಡುರಾತ್ರಿ ಅದನ್ನು ನೋಡುವವರು ಯಾರೂ ಇರುವುದಿಲ್ಲ. ನೀವು ಮಾತ್ರ ಬರೆಯುವ ಗುಂಪಾದರೆ ಆಗಬಹುದು, ಅದೂ ನಿಮ್ಮ ಸ್ವಂತ ನಂಬರಿನಲ್ಲಿ ಬೇಡ, ಠಾಣೆಯ ನಂಬರಿನಲ್ಲಿರಲಿ. ನಿಮಗೆ ವರ್ಗವಾದ ದಿನ ಆ ಗುಂಪು ಸಾಯಬಾರದು.

ಕೊನೆಯದಾಗಿ, ನಮ್ಮ ಇಲಾಖೆಯವರು ಸಾಮಾನ್ಯವಾಗಿ ಒಪ್ಪದ ಒಂದು ಮಾತು. ಊರಿಗೆ ನಿಜವನ್ನು ಹೇಳಿ. ನಮ್ಮಲ್ಲಿ ಇರುವುದು ಒಂದೇ ವಾಹನ, ಅದು ಕಬ್ಬಿನ ಗದ್ದೆಯ ಬೆಂಕಿಗೆ ಹೋಗಿದ್ದರೆ ನೆರೆ ತಾಲ್ಲೂಕಿನಿಂದ ಬರಬೇಕು, ದೂರದ ಹೋಬಳಿಗೆ ಇಷ್ಟು ಹೊತ್ತು ಹಿಡಿಯುತ್ತದೆ ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಹೇಳಿದರೆ ಠಾಣೆಯ ಮರ್ಯಾದೆ ಹೋಗುವುದಿಲ್ಲ. ಅಷ್ಟು ಹೊತ್ತು ತಾವೇ ಏನು ಮಾಡಬೇಕೆಂದು ಆಗಲೇ ಜನ ಕೇಳುತ್ತಾರೆ, ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಹಾಗೆಯೇ ಪ್ರತಿ ಬೆಂಕಿಗೂ 'ಶಾರ್ಟ್ ಸರ್ಕ್ಯೂಟ್' ಎಂದು ಬರೆದು ಕೈತೊಳೆದುಕೊಳ್ಳುವ ಅಭ್ಯಾಸವನ್ನು ನಿಮ್ಮ ಠಾಣೆಯಲ್ಲಿ ನಿಲ್ಲಿಸಿರಿ. ಒಲೆಯ ಬೂದಿಯಲ್ಲಿ ಉಳಿದಿದ್ದ ಕೆಂಡದಿಂದ ಮೆದೆ ಹೊತ್ತಿದ್ದರೆ ಮರುದಿನ ಅದೇ ಊರಿನ ಡೈರಿಯಲ್ಲಿ ಹಾಗೆಂದೇ ಹೇಳಿ, ಮನೆಯವರ ಹೆಸರೆತ್ತಬೇಡಿ. ಕಾರಣ ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಬರೆಯಿರಿ. ಈಗ ನಿಮ್ಮ ಮೇಜಿನ ಮೇಲೆ ಮಾಡಬೇಕಾದ ಮೊದಲ ಕೆಲಸ, ತಾಲ್ಲೂಕಿನ ಗ್ರಾಮಗಳ ಪಟ್ಟಿ ತರಿಸಿ ಒಂದೇ ಹೆಸರಿನವುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕುವುದು, ಕೊಪ್ಪಲು ಮತ್ತು ಪಾಳ್ಯಗಳನ್ನೂ ಬಿಡದೆ.