ಅಂಗೈಯಗಲದ ಕನ್ವರ್ಟರ್ ನಂಬಿ ಮೋಟಾರ್ ಸುಡಬೇಡಿ

ಪ್ರಶ್ನೆ: ಲ್ಯಾಪ್‌ಟಾಪ್ ಚಾರ್ಜರ್‌ಗೆ ಯಾವ ಕನ್ವರ್ಟರ್ ಕೊಳ್ಳಲಿ?

ಯಾವುದೂ ಬೇಡ. ಚಾರ್ಜರ್ ಮೇಲೆ 100-240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಪಿನ್ ಹೊಂದಿಸುವ ಪ್ಲಗ್ ಸಾಕು. ದಯವಿಟ್ಟು ಕೇಳುವ ಮುಂಚೆ ಆ ಚೀಟಿ ಓದಿ.

ಪ್ರಶ್ನೆ: ಅಮೆರಿಕದಿಂದ ತಂದ 120 ವೋಲ್ಟ್, 600 ವ್ಯಾಟ್ ಬ್ಲೆಂಡರ್ ಇದೆ. ಇಲ್ಲಿ 230 ವೋಲ್ಟ್. '2000 ವ್ಯಾಟ್' ಎಂದು ಬರೆದಿರುವ ಪುಟ್ಟ ಟ್ರಾವೆಲ್ ಕನ್ವರ್ಟರ್ ಹಾಕಬಹುದೇ? ಟ್ರಾನ್ಸ್‌ಫಾರ್ಮರ್ ಬಲು ಭಾರ.

ಬೇಡ. ಇದೇ ಪ್ರಶ್ನೆ ಎಷ್ಟು ಸಲ ಬಂದರೂ ಉತ್ತರ ಬದಲಾಗದು. ಆ ಹಗುರ ಡಬ್ಬಿ ವೋಲ್ಟೇಜನ್ನು ನಿಜವಾಗಿ ಇಳಿಸುವುದಿಲ್ಲ. ಏರಿಳಿಯುವ ವಿದ್ಯುತ್ ಅಲೆಯ ಒಂದಷ್ಟು ಭಾಗವನ್ನು ಕತ್ತರಿಸಿ ಎಸೆದು, ಸರಾಸರಿ ಶಕ್ತಿಯನ್ನಷ್ಟೇ 120ಕ್ಕೆ ಸರಿದೂಗಿಸುತ್ತದೆ. ಉಳಿದ ಚೂರಿನ ತುದಿ ಆಗಲೂ 300 ವೋಲ್ಟ್‌ನ ಆಸುಪಾಸಿನಲ್ಲಿರುತ್ತದೆ. ನಿಜವಾದ 120 ವೋಲ್ಟ್ ಅಲೆಯ ತುದಿ 170 ಮಾತ್ರ. ಇಸ್ತ್ರಿಪೆಟ್ಟಿಗೆಯ ಬರಿಯ ಕಾಯಿಲ್ ಇದನ್ನು ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ, ಮೋಟಾರ್ ತಾಳದು. ಬ್ಲೆಂಡರ್‌ನ ವೇಗ ನಿಯಂತ್ರಕವೂ ಅಲೆ ಕತ್ತರಿಸಿಯೇ ಕೆಲಸ ಮಾಡುವಂಥದ್ದಾದರೆ ಕಥೆ ಇನ್ನೂ ಕೆಡುತ್ತದೆ: ಮೋಟಾರ್ ಜಗ್ಗುತ್ತದೆ, ಗುರ್ ಎನ್ನುತ್ತದೆ, ಕೊನೆಗೆ ಸುಟ್ಟ ವಾಸನೆ.

ನಿಮಗೆ ಬೇಕಾದದ್ದು ತಾಮ್ರ, ಕಬ್ಬಿಣದ ಸ್ಟೆಪ್-ಡೌನ್ (ವೋಲ್ಟೇಜ್ ಇಳಿಸುವ) ಟ್ರಾನ್ಸ್‌ಫಾರ್ಮರ್. 600 ವ್ಯಾಟ್‌ಗೆ 600 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಅಳತೆ) ತಂದರೆ ಸಾಲದು. ಮೋಟಾರ್ ಹೊರಡುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಆದ್ದರಿಂದ 1500 ವಿಎ ಇಟ್ಟುಕೊಳ್ಳಿ. ಅದು ನಿರಂತರ ಸಾಮರ್ಥ್ಯವಾಗಿರಲಿ. 'ಪೀಕ್' (ಕ್ಷಣಮಾತ್ರದ ಗರಿಷ್ಠ) ಎಂದು ಬರೆದ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಕೈಯಲ್ಲಿ ಎತ್ತಿ ನೋಡಿ: 1500 ಎಂದು ಬರೆದ ಡಬ್ಬಿ ಒಂದೆರಡು ಕಿಲೋ ಮಾತ್ರ ತೂಗಿದರೆ ಚೀಟಿ ಸುಳ್ಳು.

ತಂದ ಮೇಲೆ ಬ್ಲೆಂಡರ್ ಸಿಕ್ಕಿಸುವ ಮುಂಚೆ ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿಯಿರಿ. 110ರಿಂದ 125ರೊಳಗೆ ಬಂದರೆ ಸರಿ. 230 ತೋರಿಸಿದರೆ ತಪ್ಪು ಸಾಕೆಟ್‌ನಲ್ಲಿದ್ದೀರಿ. ಎಷ್ಟೋ ಡಬ್ಬಿಗಳಲ್ಲಿ 120, 230 ಎರಡರ ಸಾಕೆಟ್‌ಗಳೂ ಅಕ್ಕಪಕ್ಕ ಇರುತ್ತವೆ. ಅಲ್ಲಿ ಎಡವಿದರೆ ಬ್ಲೆಂಡರ್‌ಗೆ ಎರಡು ಪಟ್ಟು ವೋಲ್ಟೇಜ್. ಇವುಗಳಲ್ಲಿ ಹೆಚ್ಚಿನವು ಆಟೋ ಟ್ರಾನ್ಸ್‌ಫಾರ್ಮರ್‌ಗಳು, ಅಂದರೆ ಗೋಡೆಯ ಲೈನಿನಿಂದ ಪ್ರತ್ಯೇಕಗೊಂಡಿರುವುದಿಲ್ಲ. 120 ತಾನೇ ಎಂದು ಒದ್ದೆ ಕೈ ಹಾಕಬೇಡಿ; ಮೂರು ಪಿನ್ನಿನ ಅರ್ತಿಂಗ್ ಔಟ್‌ಪುಟ್‌ವರೆಗೂ ತಲುಪಿದೆಯೇ ನೋಡಿ. ಕೆಲಸ ಮುಗಿದ ಮೇಲೆ ಗೋಡೆಯಿಂದಲೇ ಕಿತ್ತಿಡಿ, ಖಾಲಿ ಇದ್ದರೂ ಅದು ಕರೆಂಟ್ ತಿಂದು ಬಿಸಿಯಾಗುತ್ತಿರುತ್ತದೆ.

ಟ್ರಾನ್ಸ್‌ಫಾರ್ಮರ್ ಇಲ್ಲಿನ 50 ಹರ್ಟ್ಸನ್ನು ಅಮೆರಿಕದ 60 ಮಾಡದು. ಬ್ಲೆಂಡರ್‌ಗಳಲ್ಲಿ ಸಾಮಾನ್ಯವಾಗಿ ಕಾರ್ಬನ್ ಬ್ರಷ್ ಮೋಟಾರ್ ಇರುತ್ತದೆ, ಅದರ ವೇಗ ಹರ್ಟ್ಸ್ ಮೇಲೆ ನಿಂತಿಲ್ಲ, ಆದ್ದರಿಂದ ಚಿಂತೆಯಿಲ್ಲ. ಫ್ಯಾನ್, ಹಳೆಯ ಫ್ರಿಜ್, ಪಂಪ್‌ಗಳ ಇಂಡಕ್ಷನ್ ಮೋಟಾರ್ ಮಾತ್ರ ಬೇರೆ: 60 ಹರ್ಟ್ಸ್‌ಗೆಂದೇ ಮಾಡಿದ್ದು 50ರಲ್ಲಿ ಆರನೇ ಒಂದು ಭಾಗ ನಿಧಾನವಾಗುತ್ತದೆ, ಒಳಗಿನ ಕಬ್ಬಿಣದ ಕೋರ್ ಕಾಂತತೆಯಿಂದ ತುಂಬಿ, ಕರೆಂಟ್ ಹೆಚ್ಚಿ, ತಾಮ್ರದ ಸುರುಳಿ (ವೈಂಡಿಂಗ್) ಬಿಸಿಯಾಗುತ್ತದೆ. ಅಂಥದ್ದನ್ನು ತರಲೇಬೇಡಿ.

ಪ್ರಶ್ನೆ: ಸರಣಿಯಲ್ಲಿ ಬಲ್ಬ್ ಕಟ್ಟಿದರೆ 230 ಇಳಿದು 120 ಆಗುತ್ತದೆ ಎಂದು ರಿಪೇರಿಯವರು ಹೇಳಿದರು.

ಅವರ ಕೈಗೆ ಇನ್ನೇನನ್ನೂ ಕೊಡಬೇಡಿ. ಬಲ್ಬ್ ಇಳಿಸುವ ವೋಲ್ಟೇಜ್ ಹರಿಯುವ ಕರೆಂಟನ್ನು ಅವಲಂಬಿಸಿದೆ. ಮೋಟಾರಿನ ಕರೆಂಟ್ ಕ್ಷಣಕ್ಷಣಕ್ಕೂ ಬದಲಾಗುತ್ತದೆ.

ಪ್ರಶ್ನೆ: ಸ್ಟೆಬಿಲೈಸರ್ ಇದೆಯಲ್ಲ, ಸಾಲದೇ?

ಸಾಲದು. ಅದು 230ನ್ನು 230ರಲ್ಲೇ ಇಡುವ ಯಂತ್ರ.

ಪ್ರಶ್ನೆ: 1875 ವ್ಯಾಟ್‌ನ 120 ವೋಲ್ಟ್ ಹೇರ್ ಡ್ರೈಯರ್?

ಅಲ್ಲೇ ಬಿಟ್ಟು ಬನ್ನಿ.

ಪ್ರಶ್ನೆ: ಜಪಾನಿನ 100 ವೋಲ್ಟ್ ಕುಕ್ಕರ್‌ಗೆ ಅಮೆರಿಕದ ಸಾಮಾನಿಗೆ ತಂದ ಟ್ರಾನ್ಸ್‌ಫಾರ್ಮರೇ ಆದೀತೇ?

ಆಗದು. 115 ವೋಲ್ಟ್ ಕೊಟ್ಟರೂ ಕಾಯಿಲ್‌ನ ಶಾಖ ಮೂರನೇ ಒಂದರಷ್ಟು ಹೆಚ್ಚುತ್ತದೆ. ಔಟ್‌ಪುಟ್ 100 ಎಂದು ಸ್ಪಷ್ಟವಾಗಿ ಬರೆದದ್ದನ್ನೇ ಕೊಳ್ಳಿ.