ಸಮಿತಿಯ ಕುರ್ಚಿ, ಕಂಪನಿಯ ಗುಟ್ಟು: ಒಂದು ಆಪ್ತಸಲಹೆ ಪ್ರಕರಣ

ವಾಣಿಜ್ಯ ರಿಯಲ್ ಎಸ್ಟೇಟ್ ಕ್ಷೇತ್ರದಲ್ಲಿ ಐದಾರು ವರ್ಷ ದುಡಿದ ಯುವಕ ಯುವತಿಯರು ಒಂದೇ ಬಗೆಯ ತೊಳಲಾಟ ಹೊತ್ತು ಮತ್ತೆ ಮತ್ತೆ ಆಪ್ತಸಲಹೆಗೆ ಬರುತ್ತಾರೆ. ‘ನಾಯಕತ್ವ ಬೆಳೆಸಿಕೊಳ್ಳಿ, ನಾಲ್ಕು ಜನರ ಕಣ್ಣಿಗೆ ಬೀಳಿ’ ಎಂದು ಹೇಳಿ ಕಂಪನಿಯವರೇ ಅವರನ್ನು ಊರಿನ ಯಾವುದಾದರೂ ಸಮಿತಿಗೆ ಸೇರಿಸಿರುತ್ತಾರೆ. ಅಲ್ಲಿ ಕೂತು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಈ ಪ್ರಕರಣವನ್ನು ಬರೆಯಲು ಅದೇ ಕಾರಣ. ಇದು ಅಂಥ ಒಬ್ಬ ಯುವತಿಯದು, ಆಕೆಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು ಮೂವತ್ತರ ಆಸುಪಾಸು. ಕಚೇರಿ ಕಟ್ಟಡಗಳನ್ನು ಕಂಪನಿಗಳಿಗೆ ಲೀಸ್‌ಗೆ ಕೊಡಿಸುವ ಕೆಲಸ. ಒಂದು ದೊಡ್ಡ ಲೀಸ್ ಕುದುರಲು ವರ್ಷವೇ ಹಿಡಿಯಬಹುದು. ಕಮಿಷನ್ನಿನ ಅರ್ಧ ಸಹಿಯಾದಾಗ, ಉಳಿದರ್ಧ ಬಾಡಿಗೆದಾರರು ಒಳಬಂದ ಮೇಲೆ ಕೈಸೇರುವ ಪದ್ಧತಿ ಈ ವೃತ್ತಿಯಲ್ಲಿ ಸಾಮಾನ್ಯ. ಹಾಗಾಗಿ ಮೇಲಿನವರ ಮಾತು ಮೀರುವ ಧೈರ್ಯ ಸುಲಭಕ್ಕೆ ಬರುವುದಿಲ್ಲ. ವೃತ್ತಿಸಂಘದ ಯುವ ಸದಸ್ಯರ ಗುಂಪು, ಒಂದು ಸೇವಾ ಸಂಸ್ಥೆ, ಒಂದು ವ್ಯಾಪಾರಿಗಳ ಒಕ್ಕೂಟ, ಇವುಗಳ ಜೊತೆಗೆ ನಗರಾಡಳಿತದ ಪಾದಚಾರಿ ಮತ್ತು ಸಾರಿಗೆ ಸಲಹಾ ಸಮಿತಿ, ಹೀಗೆ ನಾಲ್ಕು ಕಡೆ ಸದಸ್ಯತ್ವ. ಸಮಿತಿಯ ಸಭೆಯ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಹೊಟ್ಟೆ ತೊಳಸುತ್ತದೆ ಎಂದು ಬಂದಿದ್ದರು. ವೈದ್ಯರು ಪರೀಕ್ಷಿಸಿ ದೈಹಿಕ ಕಾಯಿಲೆ ಇಲ್ಲ ಎಂದಿದ್ದರು. ಇದು ಸಭಾಕಂಪನ ಎಂದು ಆಕೆಯೇ ತೀರ್ಮಾನಿಸಿ, ಭಾಷಣ ಕಲಿಸುವ ತರಗತಿಗೂ ಸೇರಿದ್ದರು.

ಆದರೆ ಸಭಾಕಂಪನದ ಲೆಕ್ಕ ಇಲ್ಲಿ ತಾಳೆಯಾಗುತ್ತಿರಲಿಲ್ಲ. ದೊಡ್ಡ ಕಂಪನಿಗಳ ನಿರ್ದೇಶಕರ ಮುಂದೆ ನಿಂತು ಕಟ್ಟಡದ ಪ್ರತಿ ಮಹಡಿಯ ಲೆಕ್ಕ ಒಪ್ಪಿಸುವಾಗ ಆಕೆಗೆ ನಡುಕವಿಲ್ಲ. ಹತ್ತಾರು ನಿವಾಸಿಗಳು ಸೇರುವ ಪುಟ್ಟ ಸಭೆಯಲ್ಲಿ ಮಾತ್ರ ಬಾಯಿ ಒಣಗುತ್ತದೆ.

ತಿರುವು ಸಿಕ್ಕಿದ್ದು ಒಂದು ಭೇಟಿಯ ಕೊನೆಗೆ, ಏಳುವ ಹೊತ್ತಿನಲ್ಲಿ ಆಕೆ ಹೇಳಿದ ಮಾತಿನಿಂದ. ಸಮಿತಿಯ ಸಾರ್ವಜನಿಕ ಸಭೆಯೊಂದರಲ್ಲಿ ವಯಸ್ಸಾದವರೊಬ್ಬರು ಎದ್ದು ನಿಂತು, “ಆ ಮೂಲೆಯಲ್ಲಿ ಕಟ್ಟಡ ಬರುತ್ತೆ ಅಂತಾರೆ. ಬಂದರೆ ನಮ್ಮ ಬಸ್ ಸ್ಟಾಪ್ ಎಲ್ಲಿಗೆ ಹೋಗುತ್ತಮ್ಮಾ?” ಎಂದು ಕೇಳಿದರಂತೆ. ಆಕೆ “ಪರಿಶೀಲಿಸುತ್ತೇವೆ” ಎಂದರು.

“ಉತ್ತರ ನನ್ನ ಬ್ಯಾಗಿನಲ್ಲೇ ಇತ್ತು ಮೇಡಂ,” ಎಂದರು ಆಕೆ. ಆ ಕಟ್ಟಡವನ್ನು ಲೀಸ್‌ಗೆ ಕೊಡಿಸುವ ಹೊಣೆ ಆಕೆಯ ಕಂಪನಿಯದೇ. ಕರಡು ನಕ್ಷೆಯಲ್ಲಿ ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿಯುವ ದಾರಿ ಸರಿಯಾಗಿ ಆ ಬಸ್ ಸ್ಟಾಪ್ ಇರುವ ಜಾಗದಲ್ಲೇ ಇತ್ತು. ನಕ್ಷೆ ಇನ್ನೂ ಗೋಪ್ಯ.

“ಅವರು ಆಮೇಲೆ ಏನಂದರು?” ಎಂದು ಕೇಳಿದೆ.

“ಥ್ಯಾಂಕ್ಸ್ ಅಂದ್ರು. ಅದನ್ನೇ ತಡ್ಕೊಳ್ಳೋಕೆ ಆಗ್ಲಿಲ್ಲ.”

ಇದು ಹೆದರಿಕೆಯ ರೋಗವಲ್ಲ, ನೆಟ್ಟಗಿರುವ ಮನಸ್ಸಿನ ಪ್ರತಿಭಟನೆ ಎಂದು ನನಗೆ ಆಗ ಸ್ಪಷ್ಟವಾಯಿತು. ನಿದ್ದೆಗಾಗಿ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ನಿಜ. ಆದರೆ ಅಲ್ಲಿಗೇ ನಿಲ್ಲಿಸುವುದು ತಪ್ಪಾಗುತ್ತಿತ್ತು. ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ 1969ರಲ್ಲಿ ವಿವರಿಸಿದ ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್, ಕೆಳಗಿನ ಎರಡು ಮೆಟ್ಟಿಲುಗಳನ್ನು ಪಾಲ್ಗೊಳ್ಳುವಿಕೆಯೇ ಅಲ್ಲ ಎಂದು ಬದಿಗಿಟ್ಟರು: ಜನರನ್ನು ಕೈಗೊಂಬೆ ಮಾಡಿಕೊಳ್ಳುವುದು ಮೊದಲನೆಯದು, ಜನರ ದೂರನ್ನೇ ಕಾಯಿಲೆಯೆಂದು ಬಗೆದು ಚಿಕಿತ್ಸೆಗೆ ಹೊರಡುವುದು ಎರಡನೆಯದು. ಆಪ್ತಸಲಹೆಗಾರರು ಇದನ್ನು ಎದೆಗೆ ಹಾಕಿಕೊಳ್ಳಬೇಕು. ಕಾರಣವಿರುವ ಕಳವಳವನ್ನು ಶಮನ ಮಾಡಿ ಅದೇ ಕುರ್ಚಿಗೆ ವಾಪಸು ಕಳಿಸಿದರೆ, ಸಭೆಯಲ್ಲಿ ಆ ಹಿರಿಯರಿಗೆ ಆದದ್ದನ್ನೇ ಇಲ್ಲಿ ಆಕೆಗೆ ಮಾಡಿದಂತೆ.

ಆಕೆಯ ಮನಸ್ಸಿನಲ್ಲಿ ಇದ್ದದ್ದು ಎರಡೇ ದಾರಿ. ಗುಟ್ಟು ಒಡೆಯುವುದು, ಇಲ್ಲವೇ ಜಾರಿಕೊಳ್ಳುವ ಉತ್ತರ ಕೊಡುವುದು. ಎರಡೂ ಬೇಡವೆನಿಸಿ, ವೃತ್ತಿಯನ್ನೇ ಬಿಡುವ ಯೋಚನೆಗೆ ಬಂದಿದ್ದರು. ಮೂರನೆಯ ದಾರಿ ಇತ್ತು: ಆ ವಿಷಯ ಬಂದಾಗ ಆ ಕುರ್ಚಿಯಲ್ಲಿ ಇರದಿರುವುದು. ಗ್ರಾಹಕರ ಗೋಪ್ಯತೆ ಕಾಯುವುದು ಆಕೆಯ ಕರ್ತವ್ಯವೇ, ಅದರಲ್ಲಿ ತಪ್ಪಿಲ್ಲ. ಗೋಪ್ಯ ಗೊತ್ತಿದ್ದೂ ಏನೂ ಗೊತ್ತಿಲ್ಲದವರ ಸಾಲಿನಲ್ಲಿ ಕೂರುವುದೇ ತಪ್ಪು.

ಹೊರನಡೆಯುವುದಕ್ಕೂ ಕ್ರಮವಿದೆ. ಕಾರ್ಯಸೂಚಿ ಕೈಸೇರಿದ ದಿನವೇ ಅದನ್ನು ಕಂಪನಿಯ ಕೆಲಸದ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು. ಸಂಬಂಧವಿರುವ ವಿಷಯ ಕಂಡರೆ ಸಭೆಗೆ ಮೊದಲೇ ಅಧ್ಯಕ್ಷರಿಗೆ ಬರಹದಲ್ಲಿ ತಿಳಿಸಬೇಕು. ಆ ವಿಷಯದ ಕಾಗದಪತ್ರ ತನಗೆ ಕಳಿಸಬೇಡಿ ಎಂದೂ ಕೇಳಬೇಕು. ತಾನು ಎದ್ದು ಹೋದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಉಳಿಯುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ವಿಷಯ ಕೈಗೆತ್ತಿಕೊಂಡಾಗ ಒಂದು ವಾಕ್ಯ ಹೇಳಿ ಕೋಣೆಯಿಂದ ಹೊರಗೆ ಹೋಗಬೇಕು, ಮುಗಿದ ಮೇಲೆ ಮರಳಬೇಕು. ಹೋದದ್ದೂ ಬಂದದ್ದೂ ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ಮುಂದಿನ ಸಭೆಯಲ್ಲಿ ನೋಡಬೇಕು. ಹೆಚ್ಚಿನವರು ಎಡವುವುದು ಮತ ಹಾಕದಿದ್ದರೆ ಸಾಕು ಎಂದುಕೊಳ್ಳುವಲ್ಲಿ. ಚರ್ಚೆಯುದ್ದಕ್ಕೂ ಕೂತು, ಎರಡು ಮಾತು ಸೇರಿಸಿ, ಕೊನೆಗೆ ಕೈ ಎತ್ತದಿದ್ದರೆ ಪ್ರಭಾವವೇನೂ ಕಡಿಮೆಯಾಗಿರುವುದಿಲ್ಲ. ಸುಮ್ಮನೆ ಕೂತಿದ್ದರೂ ಉಳಿದವರು ಆಕೆಯ ಮುಖ ನೋಡಿಕೊಂಡೇ ಮಾತಾಡುತ್ತಾರೆ. ಸಭೆ ಮುಗಿದ ಮೇಲೆ ಹೊರಗೆ ನಿಂತು ಅದೇ ವಿಷಯ ಎತ್ತುವುದೂ ಇದರಷ್ಟೇ ಕೆಟ್ಟದ್ದು.

ಇಲ್ಲೊಂದು ಸೂಕ್ಷ್ಮವಿದೆ, ಸಾಮಾನ್ಯ ಮಾರ್ಗದರ್ಶಿಗಳು ಇದನ್ನು ತಟ್ಟನೆ ದಾಟಿಬಿಡುತ್ತವೆ. ಯೋಜನೆ ಇನ್ನೂ ಬಹಿರಂಗವಾಗಿಲ್ಲದಿದ್ದರೆ ‘ಆ ಮೂಲೆಯಲ್ಲಿ ನಮ್ಮ ಕಂಪನಿಗೆ ಕೆಲಸವಿದೆ’ ಎಂಬ ಘೋಷಣೆಯೇ ಗುಟ್ಟನ್ನು ಒಡೆಯುತ್ತದೆ. ಅದಕ್ಕೆ ಘೋಷಣೆಯ ಮಾತುಗಳನ್ನು ಮೊದಲೇ ಮೇಲಧಿಕಾರಿಯೊಂದಿಗೆ ಕೂತು ಗೊತ್ತುಮಾಡಿಕೊಳ್ಳಬೇಕು. ಸಮಿತಿಯ ನಿಯಮ ಎಷ್ಟು ವಿವರ ಕೇಳುತ್ತದೆ ಎಂದು ಅದರ ಕಾರ್ಯದರ್ಶಿಯನ್ನೋ ಕಾನೂನು ಸಲಹೆಗಾರರನ್ನೋ ಯೋಜನೆಯ ಹೆಸರೆತ್ತದೆ ವಿಚಾರಿಸಬೇಕು. ನಿಯಮ ಪೂರ್ಣ ವಿವರ ಕೇಳುತ್ತದೆ, ಕಂಪನಿ ಕೊಡಲೊಪ್ಪುವುದಿಲ್ಲ ಎಂದಾದರೆ ಸಮಿತಿಯ ಸ್ಥಾನ ಬಿಡುವುದೇ ಸರಿ. ವೃತ್ತಿ ಬಿಡಬೇಕಾಗಿಲ್ಲ.

ಒಂದಿಡೀ ಭೇಟಿಯನ್ನು ಒಂದೇ ವಾಕ್ಯದ ಅಭ್ಯಾಸಕ್ಕೆ ಕೊಟ್ಟೆವು. “ವೃತ್ತಿಸಂಬಂಧದ ಕಾರಣ ಈ ವಿಷಯದ ಚರ್ಚೆಯಲ್ಲಿ ನಾನು ಇರುವಂತಿಲ್ಲ, ಅಧ್ಯಕ್ಷರಿಗೆ ಬರಹದಲ್ಲಿ ತಿಳಿಸಿದ್ದೇನೆ, ಹೊರಗಿರುತ್ತೇನೆ.” ಅಷ್ಟೇ. ಮೊದಲ ಸಲ ಆಕೆ ಇದಕ್ಕೆ ಕ್ಷಮೆ ಸೇರಿಸಿದರು. ಎರಡನೆಯ ಸಲ ಕಾರಣ ವಿವರಿಸಲು ಹೊರಟರು. ವಿವರಣೆ ಉದ್ದವಾದಷ್ಟೂ ಸುಳಿವು ಸೋರುತ್ತದೆ. ಕ್ಷಮೆ ಕೇಳಿದರೆ ಸರಿಯಾದ ನಡೆ ತಪ್ಪಿನಂತೆ ಕಾಣುತ್ತದೆ. ಎದ್ದು ನಿಂತು, ಬ್ಯಾಗ್ ಎತ್ತಿಕೊಂಡು, ಬಾಗಿಲವರೆಗೆ ನಡೆದೂ ಅಭ್ಯಾಸ ಮಾಡಿದರು. ಆತಂಕದ ಹೊತ್ತಿನಲ್ಲಿ ತಲೆ ಮರೆತದ್ದನ್ನು ಮೈ ನೆನಪಿಟ್ಟಿರುತ್ತದೆ.

ಇಷ್ಟು ನೇರವಾಗಿ ಸಲಹೆ ಕೊಟ್ಟದ್ದಕ್ಕೆ ಸಹೋದ್ಯೋಗಿಗಳಿಂದ ಆಕ್ಷೇಪ ಬಂತು. ಆಪ್ತಸಲಹೆಗಾರರು ದಾರಿ ತೋರಿಸಬಾರದು, ವ್ಯಕ್ತಿಯೇ ಕಂಡುಕೊಳ್ಳಬೇಕು ಎಂಬ ತತ್ವವನ್ನು ನಾನೂ ಗೌರವಿಸುತ್ತೇನೆ. ಆದರೆ ದಾರಿ ಇದೆಯೆಂಬುದೇ ಗೊತ್ತಿಲ್ಲದವರಿಗೆ ಆಯ್ಕೆಯ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ಮಾಹಿತಿ ಕೊಟ್ಟೆ, ಅಭ್ಯಾಸ ಮಾಡಿಸಿದೆ. ಸಮಿತಿಯಲ್ಲಿ ಉಳಿಯಬೇಕೇ ಬಿಡಬೇಕೇ ಎಂಬ ತೀರ್ಮಾನ ಆಕೆಯದಾಗಿಯೇ ಉಳಿಯಿತು. ನಿದ್ದೆಗೆಟ್ಟ ಸ್ಥಿತಿಯಲ್ಲಿ ರಾಜೀನಾಮೆ ಬರೆಯಬೇಡಿ ಎಂದಷ್ಟೇ ಕೇಳಿಕೊಂಡೆ.

ಮುಂದಿನ ಕೆಲಸ ಮೇಲಧಿಕಾರಿಯೊಂದಿಗಿನ ಮಾತುಕತೆ. ಅದಕ್ಕೆ ಒಂದು ಪುಟದ ಒಪ್ಪಂದ ಸಿದ್ಧಮಾಡಿಕೊಂಡರು: ಯಾವ ಸಮಿತಿ, ಎಷ್ಟು ವರ್ಷದ ಅವಧಿ, ತಿಂಗಳಿಗೆ ಎಷ್ಟು ಗಂಟೆ, ಯಾವ ವಿಷಯ ಬಂದರೆ ಹೊರನಡೆಯುತ್ತೇನೆ, ಅಲ್ಲಿ ಕೇಳಿದ್ದನ್ನು ಕಚೇರಿಗೆ ತರುವುದಿಲ್ಲ, ಅಲ್ಲಿ ಪರಿಚಯವಾದವರ ಬಳಿ ಅವಧಿ ಮುಗಿಯುವವರೆಗೆ ವ್ಯವಹಾರ ಕೇಳುವುದಿಲ್ಲ. ಕೊನೆಯ ಎರಡು ಸಾಲಿಗೆ ಮೇಲಧಿಕಾರಿ ಒಪ್ಪದಿದ್ದರೆ? ಆಗ ಅವರಿಗೆ ಬೇಕಿದ್ದದ್ದು ಸಮಿತಿಯೊಳಗೊಂದು ಕಿವಿ, ಬೆಳೆಯುವ ನಾಯಕಿಯಲ್ಲ ಎಂದು ತಿಳಿಯುತ್ತದೆ. ತಿಳಿಯುವುದು ಒಳ್ಳೆಯದೇ. ‘ಪರಿಚಯದಿಂದಲೇ ವ್ಯವಹಾರ ಬೆಳೆಯುವುದು’ ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ನಂಬಿಕೆ ಹುಟ್ಟುವ ಮೊದಲೇ ಅದನ್ನು ಮಾರಲು ಹೊರಟರೆ ಪರಿಚಯವೂ ಉಳಿಯುವುದಿಲ್ಲ.

ನಾಲ್ಕು ಸದಸ್ಯತ್ವಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡು ಸಭೆಗಳ ನಡುವೆ ನಿಮಗೆ ಯಾವ ಕೆಲಸ ಹಚ್ಚುತ್ತಾರೆ ಎಂದು ಪ್ರತಿಯೊಂದರ ಬಗ್ಗೆ ಕೇಳಿದೆ. ಎರಡಕ್ಕೆ ಉತ್ತರವೇ ಇರಲಿಲ್ಲ, ಅವನ್ನು ಬಿಟ್ಟರು. ಉಳಿದ ಸಮಯ ಸಿದ್ಧತೆಗೆ ಹೋಯಿತು. ಎರಡು ಗಂಟೆಯ ಸಭೆಗೆ ಕನಿಷ್ಠ ಎರಡು ಗಂಟೆಯ ತಯಾರಿ ಬೇಕು: ಕಡತ ಓದುವುದು, ಚರ್ಚೆಯ ರಸ್ತೆಯನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಬಂದಾಗ ಒಮ್ಮೆ ನಡೆದು ನೋಡುವುದು. ವಿರೋಧಿಸುವವರ ಮಾತನ್ನು, ಅವರೇ ‘ಹೌದು, ನಾನು ಹೇಳಿದ್ದು ಅದೇ’ ಎನ್ನುವವರೆಗೆ ತಿರುಗಿ ಹೇಳಿ ನೋಡುವುದು. ನಾಯಕತ್ವದ ತರಬೇತಿ ಎಂದರೆ ನನ್ನ ಮಟ್ಟಿಗೆ ಇದು. ಪ್ರಮಾಣಪತ್ರ ಕೊಡುವ ಶಿಬಿರಗಳು ಇದಕ್ಕೆ ಪೂರಕವಾಗಬಹುದು, ಬದಲಿಯಾಗಲಾರವು.

ಹಿತಾಸಕ್ತಿಯ ಸಂಘರ್ಷ ಪದೇ ಪದೇ ಎದುರಾಗುವವರಿಗೆ ಬೇರೆ ಕ್ಷೇತ್ರಗಳೂ ಇವೆ. 1936ರಲ್ಲಿ ಸ್ಥಾಪನೆಯಾದ, ರಿಯಲ್ ಎಸ್ಟೇಟ್ ಮತ್ತು ನಗರಾಭಿವೃದ್ಧಿ ವೃತ್ತಿಯವರ ಸಂಸ್ಥೆ ಅರ್ಬನ್ ಲ್ಯಾಂಡ್ ಇನ್‌ಸ್ಟಿಟ್ಯೂಟ್ ನಡೆಸುವ ‘ಅರ್ಬನ್‌ಪ್ಲಾನ್’ ಎಂಬ ಶಿಕ್ಷಣ ಕಾರ್ಯಕ್ರಮ ಅಂಥದೊಂದು. ವಿದ್ಯಾರ್ಥಿಗಳ ತಂಡವೊಂದು ಕಾಲ್ಪನಿಕ ಬಡಾವಣೆಯ ಪುನರಭಿವೃದ್ಧಿಗೆ ಯೋಜನೆ ರೂಪಿಸುತ್ತದೆ. ಒಬ್ಬರು ಹಣಕಾಸು ನೋಡಿದರೆ ಇನ್ನೊಬ್ಬರು ನಿವಾಸಿಗಳ ಪರವಾಗಿ ಮಾತಾಡುತ್ತಾರೆ. ವೃತ್ತಿಯವರು ಸ್ವಯಂಸೇವಕರಾಗಿ ತರಗತಿಗೆ ಹೋಗಿ ಪ್ರಶ್ನೆ ಕೇಳುತ್ತಾರೆ, ನಗರಸಭೆಯ ಸ್ಥಾನದಲ್ಲಿ ಕೂತು ಯೋಜನೆಗಳನ್ನು ತೂಗುತ್ತಾರೆ. ಜಾಗವೇ ಕಾಲ್ಪನಿಕವಾದ್ದರಿಂದ ಯಾರ ಗುಟ್ಟಿಗೂ ಧಕ್ಕೆಯಿಲ್ಲ, ಆದರೂ ಊರು ಹೇಗೆ ಯೋಚಿಸುತ್ತದೆ ಎಂಬುದು ಚೆನ್ನಾಗಿ ಅರಿವಾಗುತ್ತದೆ.

ಆಕೆಯ ಮೇಲಧಿಕಾರಿ ಒಂದಷ್ಟು ತಕರಾರು ಮಾಡಿ ಕಾಗದಕ್ಕೆ ಸಹಿ ಹಾಕಿದರು. ಆಕೆ ಸಮಿತಿಯಲ್ಲಿ ಉಳಿದರು, ಆ ಮೂಲೆಯ ವಿಷಯ ಬಂದಾಗಲೆಲ್ಲ ಹೊರಗಿದ್ದರು. ನಿದ್ದೆ ಬಹುಪಾಲು ಸುಧಾರಿಸಿದೆ, ಪೂರ್ತಿ ಅಲ್ಲ, ಭೇಟಿಗಳು ಮುಂದುವರಿದಿವೆ. ಆ ಒಂದು ಪುಟವನ್ನು ವರ್ಷಕ್ಕೊಮ್ಮೆ ತೆಗೆದು ಓದಬೇಕು, ಕಂಪನಿ ಬದಲಾದರೆ ಅಥವಾ ಹೊಸ ಗ್ರಾಹಕರು ಬಂದರೆ ಆ ವಾರವೇ ತಿದ್ದಬೇಕು ಎಂದು ಗೊತ್ತುಮಾಡಿಕೊಂಡಿದ್ದೇವೆ.